ಅಸಿಂಟ್‌ನ ನೋಟ್‌ಬುಕ್ ಹಿಡ್ಕೊಂಡು ಲ್ಯಾಬ್ರಡಾರ್‌ಗೆ: ಒಂದೇ ಬೆಟ್ಟಸಾಲು, ಎರಡು ತುದಿ, ಹನ್ನೊಂದು ದಿನ

ನಾನು ಹಾಸನದಲ್ಲಿ ಡಿಗ್ರಿ ಮಕ್ಕಳಿಗೆ ಭೂವಿಜ್ಞಾನ ಪಾಠ ಮಾಡ್ತೀನಿ. ಪ್ರತಿ ವರ್ಷ ಬೋರ್ಡ್ ಮೇಲೆ ಒಂದು ಚಿತ್ರ ಬರೀತೀನಿ, ಅಟ್ಲಾಂಟಿಕ್ ಸಮುದ್ರನ ಮುಚ್ಚಿಬಿಟ್ರೆ ಸ್ಕಾಟ್ಲೆಂಡ್ ಮತ್ತೆ ಕೆನಡಾದ ನ್ಯೂಫೌಂಡ್‌ಲೆಂಡ್ ಅಕ್ಕಪಕ್ಕ ಬರುತ್ವೆ, ಅಪಲೇಚಿಯನ್ ಬೆಟ್ಟಗಳು ಮತ್ತೆ ಕ್ಯಾಲಿಡೋನಿಯನ್ ಬೆಟ್ಟಗಳು ಒಂದೇ ಸಾಲಾಗುತ್ತೆ ಅಂತ. ಹೋದ ವರ್ಷ ಒಬ್ಬಳು ಹುಡುಗಿ ಕೇಳಿದ್ಲು, "ಮೇಡಂ, ಕಲ್ಲು ಒಂದೇ ಅಂತ ಹೆಂಗೆ ಗೊತ್ತಾಗುತ್ತೆ, ನೋಡಕ್ಕೆ ಒಂದೇ ತರ ಇದ್ರೆ ಸಾಕಾ?" ಮಲ್ಪೆ ಹತ್ರದ ಸೇಂಟ್ ಮೇರೀಸ್ ದ್ವೀಪದ ಕಂಬಗಲ್ಲಿಗೂ ಮಡಗಾಸ್ಕರ್‌ಗೂ ಸಂಬಂಧ ಇರೋದನ್ನ ಹೇಳಿ ಆವತ್ತಿನ ಕ್ಲಾಸ್ ಮುಗಿಸಿದೆ, ಆದ್ರೆ ಆ ಪ್ರಶ್ನೆ ಮನಸ್ಸಲ್ಲೇ ಉಳೀತು. ತಮ್ಮ ಎಡಿನ್‌ಬರೋದಲ್ಲಿ ಕೆಲಸದಲ್ಲಿದ್ದಾನೆ. ಅವನು ಬಾ ಅಕ್ಕ ಅಂತ ಮೂರು ವರ್ಷದಿಂದ ಕರೀತಿದ್ದ. ಈ ಜೂನ್‌ನಲ್ಲಿ ಹೊರಟೇಬಿಟ್ಟೆ, ಎರಡೂ ತುದಿ, ಸ್ಕಾಟ್ಲೆಂಡ್‌ನ ವಾಯವ್ಯದ ಅಸಿಂಟ್ ಸೀಮೆ ಮತ್ತೆ ಕೆನಡಾದ ಲ್ಯಾಬ್ರಡಾರ್ ದಡ, ಒಂದೇ ಸಲಕ್ಕೆ ನೋಡ್ಕೊಂಡು ಬರೋಣ ಅಂತ.

ದಿನ 1, ಸಿಕರ್ ಪಾಯಿಂಟ್

ಎಡಿನ್‌ಬರೋದಿಂದ ಪೂರ್ವಕ್ಕೆ ಒಂದು ಗಂಟೆ ದಾರಿ. ಕಾರ್ ನಿಲ್ಸಿ ಹೊಲದ ಅಂಚಲ್ಲೇ ನಡ್ಕೊಂಡು ಹೋದ್ರೆ ಸಮುದ್ರದ ಕಡೆಗೆ ಕಡಿದಾದ ಹುಲ್ಲಿನ ಇಳಿಜಾರು, ಕೆಳಗೆ ಬಂಡೆ. 1788ರಲ್ಲಿ ಸ್ಕಾಟಿಷ್ ಭೂವಿಜ್ಞಾನಿ ಜೇಮ್ಸ್ ಹಟನ್ ದೋಣಿಯಲ್ಲಿ ಬಂದು ನೋಡಿದ ಜಾಗ. ಕೆಳಗಡೆ ಬೂದು ಬಣ್ಣದ ಪದರಗಳು ನೆಟ್ಟಗೆ ನಿಂತಿವೆ, ಪುಸ್ತಕಗಳನ್ನ ಕಪಾಟಲ್ಲಿ ನಿಲ್ಸಿದ ಹಾಗೆ, ಅವುಗಳ ತಲೆ ಸವೆದು ಅದರ ಮೇಲೆ ಕೆಂಪು ಮರಳುಗಲ್ಲು ಹೆಚ್ಚುಕಮ್ಮಿ ಅಡ್ಡಕ್ಕೆ ಕೂತಿದೆ. ಎಲ್ಲರೂ ಇಲ್ಲಿ ಆ ಎರಡರ ಮಧ್ಯದ ಗೆರೆ ನೋಡಕ್ಕೆ ಬರ್ತಾರೆ. ನಾನು ಬಂದಿದ್ದು ಕೆಳಗಿನ ಬೂದು ಕಲ್ಲಿಗೆ. ಅದು ಸುಮಾರು 43 ಕೋಟಿ ವರ್ಷದ ಹಿಂದೆ ಆಳವಾದ ಸಮುದ್ರದ ತಳದಲ್ಲಿ ಕೂತ ಕೆಸರು ಮರಳು. ಆ ಸಮುದ್ರಕ್ಕೆ ಐಯಾಪೆಟಸ್ ಅಂತ ಹೆಸರಿಟ್ಟಿದ್ದಾರೆ, ಗ್ರೀಕ್ ಕಥೆಯಲ್ಲಿ ಅಟ್ಲಾಸ್‌ನ ಅಪ್ಪ ಅವನು. ಅಟ್ಲಾಂಟಿಕ್‌ಗಿಂತ ಮೊದಲು ಹೆಚ್ಚುಕಮ್ಮಿ ಅದೇ ಜಾಗದಲ್ಲಿ ಇದ್ದ ಸಮುದ್ರ ಅದು, ಮುಚ್ಚಿಕೊಳ್ತಾ ಮುಚ್ಚಿಕೊಳ್ತಾ ಈ ಬೆಟ್ಟಸಾಲನ್ನೇ ಎತ್ತಿಬಿಡ್ತು. ಆಗ ಸ್ಕಾಟ್ಲೆಂಡ್ ಇದ್ದಿದ್ದು ಉತ್ತರ ಅಮೆರಿಕದ ದಡದಲ್ಲಿ, ಇಂಗ್ಲೆಂಡ್ ಇದ್ದಿದ್ದು ಆಚೆ ದಡದಲ್ಲಿ. ಇದನ್ನ ಕೇಳಿ ತಮ್ಮನಿಗೆ ಭಾರಿ ಖುಷಿ, ಆಫೀಸಲ್ಲಿ ಸ್ಕಾಟಿಷ್ ಸ್ನೇಹಿತರಿಗೆ ಹೇಳ್ತೀನಿ ಅಂದ.

ದಿನ 2, ಉಲ್ಲಾಪೂಲ್‌ಗೆ

ಪೂರ್ತಿ ಡ್ರೈವ್. ಡಂಕೆಲ್ಡ್ ಹತ್ರ ಬಯಲು ಮುಗಿದು ಬೆಟ್ಟ ಶುರುವಾಗೋ ಜಾಗದಲ್ಲಿ ಹೈಲ್ಯಾಂಡ್ ಬೌಂಡರಿ ಫಾಲ್ಟ್ ದಾಟ್ತೀವಿ, ಇನ್ವರ್ನೆಸ್ ಹತ್ರ ಗ್ರೇಟ್ ಗ್ಲೆನ್ ಫಾಲ್ಟ್. ಎರಡೂ ಈ ಬೆಟ್ಟಸಾಲನ್ನ ಉದ್ದಕ್ಕೆ ಸೀಳಿರೋ ಬಿರುಕುಗಳು. ಮಳೆ ಬಿಡಲೇ ಇಲ್ಲ. ರಾತ್ರಿ ಹತ್ತೂವರೆಗೂ ಬೆಳಕಿತ್ತು.

ದಿನ 3, ನಾಕನ್ ಕ್ರ್ಯಾಗ್

ಉಲ್ಲಾಪೂಲ್‌ನಿಂದ ಉತ್ತರಕ್ಕೆ 20 ಕಿ.ಮೀ. ರಸ್ತೆ ಪಕ್ಕದಲ್ಲೇ ಒಂದು ಕರಿ ಬಂಡೆಯ ಗೋಡೆ, ಅದಕ್ಕೆ ಹತ್ತೋ ಕಾಲುದಾರಿ. ಕೆಳಗಡೆ ತೆಳು ಬಣ್ಣದ ಡರ್ನೆಸ್ ಸುಣ್ಣದ ಕಲ್ಲು, ಸುಮಾರು 50 ಕೋಟಿ ವರ್ಷದ್ದು. ಅದರ ಮೇಲೆ ಕಪ್ಪಗಿನ ಮೊಯಿನ್ ಶಿಸ್ಟ್ ಅನ್ನೋ ಹಾಳೆ ಹಾಳೆಯಾಗಿ ಸೀಳೋ ಕಲ್ಲು, ಅದು ಇದರ ಹೆಚ್ಚುಕಮ್ಮಿ ಎರಡರಷ್ಟು ವಯಸ್ಸಿನದು. ಹಳೇದು ಮೇಲೆ, ಹೊಸದು ಕೆಳಗೆ. ಮಧ್ಯದ ಗೆರೆಗೆ ಅಂಗೈ ಇಡಬಹುದು, ಹೆಬ್ಬೆರಳು ಒಂದು ಕಲ್ಲಿನ ಮೇಲೆ, ಕಿರುಬೆರಳು ಇನ್ನೊಂದರ ಮೇಲೆ. ನಾನು ಸುಮಾರು ಹೊತ್ತು ಹಾಗೇ ಕೈ ಇಟ್ಕೊಂಡು ನಿಂತಿದ್ದೆ.

ಈ ಗೆರೆ ಬಗ್ಗೆ 19ನೇ ಶತಮಾನದಲ್ಲಿ ದೊಡ್ಡ ಜಗಳಾನೇ ನಡೀತು. ಮರ್ಚಿಸನ್ ಅನ್ನೋ ದೊಡ್ಡ ಅಧಿಕಾರದ ಮನುಷ್ಯ, ಮೇಲಿರೋದು ಹೊಸದೇ, ಎಲ್ಲಾ ಸಲೀಸಾಗಿ ಒಂದರ ಮೇಲೊಂದು ಕೂತಿದೆ ಅಂದ್ರು. ನಿಕೋಲ್ ಅನ್ನೋ ಪ್ರೊಫೆಸರ್ ಇಲ್ಲ, ಇದು ಫಾಲ್ಟ್ ಅಂದ್ರು, ಅವರ ಮಾತನ್ನ ಯಾರೂ ಹೆಚ್ಚು ಕೇಳ್ಲಿಲ್ಲ. ಆಮೇಲೆ 1880ರ ದಶಕದಲ್ಲಿ ಚಾರ್ಲ್ಸ್ ಲ್ಯಾಪ್‌ವರ್ತ್ ಇನ್ನೂ ಉತ್ತರದ ಎರಿಬೊಲ್‌ನಲ್ಲಿ ಅಂಗುಲ ಅಂಗುಲ ಮ್ಯಾಪ್ ಮಾಡಿ, ಕಿಲೋಮೀಟರ್‌ಗಟ್ಟಲೆ ದೂರದಿಂದ ಹಳೇ ಕಲ್ಲು ಜಾರ್ಕೊಂಡು ಬಂದು ಹೊಸದರ ಮೇಲೆ ಹತ್ತಿದೆ ಅಂತ ತೋರಿಸಿದ್ರು. ಆ ಕೆಲಸದಲ್ಲೇ ಅವರ ಆರೋಗ್ಯ ಕೆಟ್ಟು, ರಾತ್ರಿ ಮಲಗಿದ್ರೆ ಆ ಬಂಡೆ ತನ್ನ ಮೈಮೇಲೇ ಜರುಗ್ತಾ ಇದೆ ಅನ್ನಿಸ್ತಿತ್ತಂತೆ. ಬೆನ್ ಪೀಚ್ ಮತ್ತೆ ಜಾನ್ ಹಾರ್ನ್ ಇಬ್ಬರೂ ಸೇರಿ ವರ್ಷಗಟ್ಟಲೆ ನಡೆದು ಇಡೀ ಸೀಮೆ ಮ್ಯಾಪ್ ಮಾಡಿದ್ರು, 1907ರಲ್ಲಿ ಅವರ ದೊಡ್ಡ ವರದಿ ಬಂತು. ಇಬ್ಬರ ಪ್ರತಿಮೆ ಇಲ್ಲೇ ಇದೆ. ನಿಕೋಲ್ ಅವರದ್ದೂ ಒಂದು ಇರ್ಬೇಕಿತ್ತು ಅನ್ನೋದು ನನ್ನ ಅಭಿಪ್ರಾಯ.

ದಿನ 4, ಸ್ಕಿಯಾಗ್ ಬ್ರಿಜ್

ಈ ದಿನಕ್ಕೋಸ್ಕರಾನೇ ನಾನು ಬಂದಿದ್ದು. ಅಸಿಂಟ್ ಸರೋವರದ ದಡದಲ್ಲಿ ರಸ್ತೆ ಕೊರೆದಿರೋ ಕಡೆ ಪದರಗಳು ಸಾಲಾಗಿ ಕಾಣ್ತವೆ. ನೋಟ್‌ಬುಕ್‌ನ ಎಡಗಡೆ ಹಾಳೆಯಲ್ಲಿ ಕೆಳಗಿಂದ ಮೇಲಕ್ಕೆ ಬರ್ಕೊಂಡು ಹೋದೆ, ಬಲಗಡೆ ಹಾಳೆ ಖಾಲಿ ಬಿಟ್ಟೆ ಕೆನಡಾಗೆ ಅಂತ.

ಎಲ್ಲಕ್ಕಿಂತ ಕೆಳಗೆ ಲೂಯಿಸಿಯನ್ ನೈಸ್, ಬೂದು ಪಟ್ಟೆ ಪಟ್ಟೆ ಕಲ್ಲು, 300 ಕೋಟಿ ವರ್ಷದವರೆಗೂ ಹಳೇದು. ತಮ್ಮ ಅದನ್ನ ನೋಡಿದ್ದೇ, "ಅಕ್ಕ, ಇದು ನಮ್ಮ ಲಾಲ್‌ಬಾಗ್ ಗುಡ್ಡದ ಬಂಡೆ ತರಾನೇ ಇದೆಯಲ್ಲ" ಅಂದ. ನಿಜ ಕಣೋ ಅಂದೆ, ನೋಡಕ್ಕೂ ಹಾಗೇ ಇದೆ, ವಯಸ್ಸೂ ಹತ್ತಿರ ಹತ್ತಿರ, ಆದ್ರೂ ಅವೆರಡಕ್ಕೂ ನೆಂಟಸ್ತನ ಇಲ್ಲ. ನೈಸ್ ಅಂದ್ರೆ ಆಳದಲ್ಲಿ ಬೆಂದು ಹಿಸುಕಿ ಆದ ಕಲ್ಲು, ಎಲ್ಲಿ ಬೇಯ್ಸಿದ್ರೂ ಹೆಚ್ಚುಕಮ್ಮಿ ಅದೇ ಮುಖ ಬರುತ್ತೆ. ಆ ಹುಡುಗಿ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಸಿಕ್ತು. ಹರಿದ ಸೀರೆಯ ಎರಡು ತುಂಡು ಒಂದೇ ಸೀರೆದಾ ಅಂತ ನೋಡ್ಬೇಕಾದ್ರೆ ಮೈ ಬಣ್ಣ ನೋಡಿದ್ರೆ ಸಾಲದು, ಅಂಚಿನಲ್ಲಿ ಯಾವ ಗೆರೆ ಆದ್ಮೇಲೆ ಯಾವ ಗೆರೆ ಬರುತ್ತೆ ಅನ್ನೋದನ್ನ ನೋಡ್ಬೇಕು.

ಇಲ್ಲಿ ಅಂಚು ಹೀಗಿದೆ. ನೈಸ್ ಮೇಲೆ ಕೆಲವು ಕಡೆ ಟೊರಿಡೋನಿಯನ್ ಅನ್ನೋ ಕೆಂಗಂದು ಮರಳುಗಲ್ಲು, ಸುಮಾರು 100 ಕೋಟಿ ವರ್ಷದ್ದು, ಸುಯಿಲ್ವೆನ್ ಬೆಟ್ಟ ನಿಂತಿರೋದು ಅದರಲ್ಲೇ. ಇನ್ನು ಕೆಲವು ಕಡೆ ಅದು ಪೂರ್ತಿ ಸವೆದುಹೋಗಿ ಮುಂದಿನ ಪದರ ನೇರ ನೈಸ್ ಮೇಲೇ ಕೂತಿದೆ. ಆ ಮುಂದಿನ ಪದರ ಅಂದ್ರೆ ಸುಮಾರು 50 ಕೋಟಿ ವರ್ಷದ ಹಿಂದಿನ ಕೇಂಬ್ರಿಯನ್ ಕಾಲದ ಬೆಳ್ಳನೆ ಕ್ವಾರ್ಟ್‌ಝೈಟ್, ದಡದ ಮರಳು ಗಟ್ಟಿಯಾಗಿದ್ದು. ಅದರ ಮೇಲಿನ ಭಾಗ ಪೈಪ್ ರಾಕ್, ಹುಳಗಳು ಮರಳಲ್ಲಿ ನೆಟ್ಟಗೆ ಕೊರೆದ ಬಿಲಗಳು ಸಾವಿರಗಟ್ಟಲೆ, ಅಡ್ಡ ಕತ್ತರಿಸಿದ ಕಡೆ ನಾಣ್ಯದಂಥ ದುಂಡನೆ ಗುರುತು, ಉದ್ದಕ್ಕೆ ಸೀಳಿದ ಕಡೆ ಪೆನ್ಸಿಲ್ ಸಾಲು. ಆಮೇಲೆ ಫ್ಯೂಕಾಯ್ಡ್ ಬೆಡ್ಸ್, ಕಂದು ಬಣ್ಣದ ಮೆತ್ತನೆ ಪದರ. ಅದರಲ್ಲಿರೋ ಗುರುತುಗಳನ್ನ ಹಿಂದಿನವರು ಸಮುದ್ರದ ಪಾಚಿ ಅಂದ್ಕೊಂಡು ಆ ಹೆಸರಿಟ್ರು, ನಿಜಕ್ಕೂ ಅವೂ ಹುಳ ಓಡಾಡಿದ ದಾರಿಗಳೇ. ಈ ಪದರದಲ್ಲೇ ಒಲೆನೆಲಸ್ ಅನ್ನೋ ಟ್ರೈಲೋಬೈಟ್ (ಗಟ್ಟಿ ಚಿಪ್ಪಿನ, ಈಗ ಅಳಿದುಹೋಗಿರೋ ಸಮುದ್ರದ ಪ್ರಾಣಿ) ಸಿಕ್ಕಿದ್ದು, 1892ರಲ್ಲಿ ಪೀಚ್ ಅವರು ಅದಕ್ಕೆ ಲ್ಯಾಪ್‌ವರ್ತ್ ಹೆಸರನ್ನೇ ಸೇರಿಸಿ ಹೆಸರಿಟ್ರು. ಒಲೆನೆಲಸ್ ಉತ್ತರ ಅಮೆರಿಕದ ಕಡೆಯ ಪ್ರಾಣಿ, ಐಯಾಪೆಟಸ್‌ನ ಆಚೆ ದಡದಲ್ಲಿದ್ದ ವೇಲ್ಸ್‌ನ ಕೇಂಬ್ರಿಯನ್ ಕಲ್ಲಲ್ಲಿ ಪ್ಯಾರಾಡಾಕ್ಸೈಡಿಸ್ ಅನ್ನೋ ಬೇರೆಯದೇ ಟ್ರೈಲೋಬೈಟ್.

ಅದರ ಮೇಲೆ ಸಾಲ್ಟೆರೆಲ್ಲ ಗ್ರಿಟ್ ಅನ್ನೋ ಒರಟು ಮರಳಿನ ಪದರ. ಇಲ್ಲಿ ಲೆನ್ಸ್ ಹಿಡಿದು ಮಂಡಿಯೂರಿ ಕೂತ್ಕೊಂಡೆ, ಮಳೆ ಹನಿ ಲೆನ್ಸ್ ಮೇಲೆ ಬೀಳ್ತಾ ಇದೆ, ಮಿಡ್ಜ್ ಅನ್ನೋ ಸಣ್ಣ ನೊಣ ಕಿವಿ ಹಿಂದೆಲ್ಲಾ ಕಚ್ತಾ ಇದೆ, ಅರ್ಧ ಗಂಟೆ ಆದ್ಮೇಲೆ ಕಾಣಿಸ್ತು. ಅಕ್ಕಿಕಾಳಿಗಿಂತ ಚಿಕ್ಕ ಶಂಕುವಿನಾಕಾರದ ಚಿಪ್ಪು, ಐಸ್‌ಕ್ರೀಂ ಕೋನ್ ತರ, ಒಂದಲ್ಲ, ಹತ್ತಾರು. ಕೇಂಬ್ರಿಯನ್ ಕಾಲದ ಒಂದು ಸಣ್ಣ ಅವಧಿಯಲ್ಲಿ ಮಾತ್ರ ಬದುಕಿದ್ದ ಪ್ರಾಣಿ. ತಮ್ಮನಿಗೂ ತೋರಿಸಿದೆ, ಅವನು ಲೆನ್ಸ್ ವಾಪಸ್ ಕೊಡಲೇ ಇಲ್ಲ. ಕಲ್ಲು ಒಡೆಯೋದು, ಎತ್ಕೊಂಡು ಹೋಗೋದು ಇಲ್ಲಿ ಮಾಡಬಾರದು, ಫೋಟೋ ಅಷ್ಟೇ.

ಎಲ್ಲಕ್ಕಿಂತ ಮೇಲೆ ಡರ್ನೆಸ್ ಸುಣ್ಣದ ಕಲ್ಲು. ಎಡಗಡೆ ಹಾಳೆ ತುಂಬಿತು.

ದಿನ 5, ಡರ್ನೆಸ್

ಲ್ಯಾಕ್ಸ್‌ಫರ್ಡ್ ಹತ್ರ ರಸ್ತೆ ಕೊರೆದ ಗೋಡೆಯಲ್ಲಿ ಬೂದು ನೈಸ್, ಅದನ್ನ ಸೀಳಿರೋ ಕರಿ ಡೈಕ್ (ಬಿರುಕಲ್ಲಿ ನುಗ್ಗಿ ಗಟ್ಟಿಯಾದ ಕಲ್ಲಿನ ಪಟ್ಟಿ), ಎರಡನ್ನೂ ಸೀಳಿರೋ ಗುಲಾಬಿ ಗ್ರಾನೈಟ್, ಮೂರು ಬಣ್ಣ ಒಟ್ಟಿಗೆ. ಒಂಟಿ ದಾರಿ, ಎದುರಿಂದ ಗಾಡಿ ಬಂದ್ರೆ ಪಕ್ಕದ ಜಾಗಕ್ಕೆ ಸರೀಬೇಕು, ಎಲ್ಲರೂ ಕೈ ಎತ್ತಿ ಥ್ಯಾಂಕ್ಸ್ ಹೇಳ್ತಾರೆ.

ಡರ್ನೆಸ್ ಊರು ಸ್ಕಾಟ್ಲೆಂಡ್‌ನ ವಾಯವ್ಯ ಮೂಲೆ. 1854ರಲ್ಲಿ ಬೆನ್ ಪೀಚ್ ಅವರ ತಂದೆ ಚಾರ್ಲ್ಸ್ ಪೀಚ್ ಇಲ್ಲಿನ ಸುಣ್ಣದ ಕಲ್ಲಲ್ಲಿ ಪಳೆಯುಳಿಕೆ ಕಂಡುಹಿಡಿದ್ರು, ಅವರು ಸರ್ಕಾರದ ಸುಂಕದ ಇಲಾಖೆಯಲ್ಲಿ ಕೆಲಸ ಮಾಡ್ತಿದ್ದವರು. ಅವನ್ನ ಜಾನ್ ಸಾಲ್ಟರ್ ಅನ್ನೋ ಪಳೆಯುಳಿಕೆ ತಜ್ಞರು ನೋಡಿ 1859ರಲ್ಲೇ ಬರೆದ್ರು, ಇವು ಇಂಗ್ಲೆಂಡ್‌ನವಕ್ಕಿಂತ ಉತ್ತರ ಅಮೆರಿಕದವಕ್ಕೆ ಹತ್ತಿರ ಇವೆ ಅಂತ. ಖಂಡಗಳು ಜರುಗ್ತವೆ ಅನ್ನೋ ಮಾತನ್ನ ವಿಜ್ಞಾನಿಗಳು ಒಪ್ಪಿರದ ಕಾಲ ಅದು. ಎರಡು ವರ್ಷ ಆದ್ಮೇಲೆ ಕೆನಡಾದಲ್ಲಿ ಎಲ್ಕಾನಾ ಬಿಲ್ಲಿಂಗ್ಸ್ ಅನ್ನೋರು ಒಂದು ಪುಟ್ಟ ಶಂಕುವಿನಾಕಾರದ ಪಳೆಯುಳಿಕೆಗೆ ಇದೇ ಸಾಲ್ಟರ್ ಗೌರವಕ್ಕೆ ಸಾಲ್ಟೆರೆಲ್ಲ ಅಂತ ಹೆಸರಿಟ್ರು. ನಿನ್ನೆ ನಾನು ಲೆನ್ಸ್‌ನಲ್ಲಿ ನೋಡಿದ್ದು ಅದನ್ನೇ. ಹೆಸರು ಮಾತ್ರ ಅಟ್ಲಾಂಟಿಕ್ ದಾಟಿ ಬಂದಿದೆ, ಪ್ರಾಣಿ ದಾಟಬೇಕಾಗಿರ್ಲಿಲ್ಲ, ಆಗ ಅಲ್ಲಿ ಅಟ್ಲಾಂಟಿಕ್ಕೇ ಇರ್ಲಿಲ್ಲ.

ಸಂಜೆ ಬಾಲ್ನಕೀಲ್ ಕಡೆ ನಡೆದ್ವಿ. ಸುಣ್ಣದ ಕಲ್ಲಿನ ಸಂದಿಯಲ್ಲೆಲ್ಲಾ ಎಂಟು ಎಸಳಿನ ಬಿಳಿ ಹೂವು, ಡ್ರಯಾಸ್, ಬೇರೆ ಕಡೆ ಎತ್ತರದ ಬೆಟ್ಟದಲ್ಲಿ ಬೆಳೆಯೋದು ಇಲ್ಲಿ ಸಮುದ್ರದ ಮಟ್ಟದಲ್ಲೇ ಇದೆ. ಅದನ್ನೂ ನೋಟ್‌ಬುಕ್ ಅಂಚಲ್ಲಿ ಬರೆದೆ.

ದಿನ 6 ಮತ್ತು 7

ವಾಪಸ್ ಎಡಿನ್‌ಬರೋ, ಅಲ್ಲಿಂದ ಟೊರಾಂಟೊ, ಅಲ್ಲಿಂದ ಡೀರ್ ಲೇಕ್. ನ್ಯೂಫೌಂಡ್‌ಲೆಂಡ್‌ನ ಗಡಿಯಾರ ಪಕ್ಕದ ಸೀಮೆಗಳಿಗಿಂತ ಅರ್ಧ ಗಂಟೆ ಆಚೀಚೆ, ನಮ್ಮ ಭಾರತದ ಟೈಮ್ ತರ. ಅಮ್ಮನಿಗೆ ಫೋನ್ ಮಾಡಿದಾಗ ನಿಮಿಷದ ಮುಳ್ಳು ಎರಡೂ ಕಡೆ ಒಂದೇ ಅಂತ ಹೇಳಿದೆ, ಅಮ್ಮ ಊಟ ಆಯ್ತಾ ಅಂತ ಕೇಳಿದ್ರು.

ದಿನ 8, ಗ್ರೋಸ್ ಮೋರ್ನ್

1987ರಿಂದ ವಿಶ್ವ ಪರಂಪರೆ ತಾಣ. ವುಡಿ ಪಾಯಿಂಟ್‌ನಿಂದ ಟ್ರೌಟ್ ರಿವರ್ ಕಡೆ ಹೋಗೋ ರಸ್ತೆಯಲ್ಲಿ ಒಂದು ಪಕ್ಕ ಹಸಿರು ಕಾಡು, ಇನ್ನೊಂದು ಪಕ್ಕ ತುಕ್ಕು ಹಿಡಿದ ಬಣ್ಣದ ಬೋಳು ಬೆಟ್ಟ, ಟೇಬಲ್‌ಲ್ಯಾಂಡ್ಸ್. ಅದು ಭೂಮಿಯ ಮ್ಯಾಂಟಲ್‌ನ, ಅಂದ್ರೆ ಹೊರಚಿಪ್ಪಿನ ಕೆಳಗಿನ ಪದರದ ಕಲ್ಲು, ಪೆರಿಡೊಟೈಟ್. ಐಯಾಪೆಟಸ್ ಸಮುದ್ರ ಮುಚ್ಚೋಕೆ ಶುರುವಾದಾಗ ಅದರ ತಳದ ಒಂದು ಹಾಳೆ, ಸುಮಾರು 48 ಕೋಟಿ ವರ್ಷದ್ದು, ಖಂಡದ ಮೇಲಕ್ಕೆ ಹತ್ತಿ ಕೂತ್ಬಿಟ್ಟಿದೆ. ಮೆಗ್ನೀಷಿಯಂ ಜಾಸ್ತಿ, ನಿಕಲ್ ಇದೆ, ಕ್ಯಾಲ್ಸಿಯಂ ಇಲ್ಲ ಅನ್ನೋ ಅಷ್ಟು ಕಮ್ಮಿ, ಅದಕ್ಕೇ ಗಿಡ ಬೆಳೆಯಲ್ಲ. ಒಳಗೆ ಕಪ್ಪುಹಸಿರು, ಹೊರಗೆ ತುಕ್ಕು.

ನನ್ನ ಊರು ಚನ್ನರಾಯಪಟ್ಟಣ. ನುಗ್ಗೇಹಳ್ಳಿ ಸಾಲಿನ ಬೈರಾಪುರದ ಕ್ರೋಮೈಟ್ ಗಣಿ ಕಡೆ ಚಿಕ್ಕಂದಿನಿಂದ ನೋಡಿದ ಕಲ್ಲುಗಳೂ ಇದೇ ಜಾತಿಯವು, ಹಾವಿನ ಚರ್ಮದಂಥ ನುಣುಪು, ಅದೇ ಹಸಿರು. ಕೈಯಲ್ಲಿ ಹಿಡಿದ್ರೆ ಮನೆ ನೆನಪಾಯ್ತು, ಕಣ್ಣೂ ತುಂಬಿ ಬಂತು. ಆದ್ರೆ ನಮ್ಮದು 300 ಕೋಟಿ ವರ್ಷದ ಲೆಕ್ಕದ್ದು, ಇದು ಅದರ ಆರನೇ ಒಂದು ಭಾಗಕ್ಕೂ ಕಮ್ಮಿ. ಸ್ಕಾಟ್ಲೆಂಡ್‌ನಲ್ಲಿ ಇದರ ನಿಜವಾದ ಜೊತೆಗಾರ ಇರೋದು ನೈರುತ್ಯದ ಬ್ಯಾಲಂಟ್ರೇ ದಡದಲ್ಲಿ, ಮತ್ತೆ ಶೆಟ್‌ಲ್ಯಾಂಡ್‌ನ ಅನ್ಸ್ಟ್ ದ್ವೀಪದಲ್ಲಿ. ಅಸಿಂಟ್‌ನಲ್ಲಿ ಇಂಥದ್ದಿಲ್ಲ. ಈ ವ್ಯತ್ಯಾಸಾನೂ ಮುಖ್ಯ. ನ್ಯೂಫೌಂಡ್‌ಲೆಂಡ್‌ನ ಈ ಭಾಗಕ್ಕೆ ದೊಡ್ಡ ಪೆಟ್ಟು ಬಿದ್ದಿದ್ದು ಸುಮಾರು 47 ಕೋಟಿ ವರ್ಷದ ಹಿಂದೆ, ನಾಕನ್‌ನಲ್ಲಿ ನಾನು ಕೈ ಇಟ್ಟ ಗೆರೆ ಸುಮಾರು 43 ಕೋಟಿ ವರ್ಷದ್ದು, ಆ ಹೊತ್ತಿಗೆ ಸ್ಕ್ಯಾಂಡಿನೇವಿಯಾ ಬಂದು ಗುದ್ದಿತ್ತು. ಬೆಟ್ಟಸಾಲು ಒಂದೇ ಆದ್ರೂ ಪೆಟ್ಟು ಬಿದ್ದ ಕಾಲ ಎಲ್ಲಾ ಕಡೆ ಒಂದೇ ಅಲ್ಲ.

ಮಧ್ಯಾಹ್ನ ಗ್ರೀನ್ ಪಾಯಿಂಟ್. ಸಮುದ್ರದ ದಡದಲ್ಲಿ ತೆಳ್ಳನೆ ಪದರಗಳು ಹೆಚ್ಚುಕಮ್ಮಿ ನೆಟ್ಟಗೆ ನಿಂತಿವೆ, ನಡೀತಾ ಹೋದ್ರೆ ಹೆಜ್ಜೆಗಿಷ್ಟು ಸಾವಿರ ವರ್ಷ. ಕೇಂಬ್ರಿಯನ್ ಮುಗಿದು ಆರ್ಡೊವಿಶಿಯನ್ ಶುರುವಾಗೋ ಗೆರೆಗೆ ಇಡೀ ಜಗತ್ತಿನ ಅಳತೆಗೋಲು ಅಂತ 2000ನೇ ಇಸವಿಯಲ್ಲಿ ಇದೇ ಜಾಗ ಆರಿಸಿದ್ರು. ಆರ್ಡೊವಿಶಿಯನ್ ಅನ್ನೋ ಹೆಸರು ಕೊಟ್ಟಿದ್ದು 1879ರಲ್ಲಿ ಲ್ಯಾಪ್‌ವರ್ತ್, ಎರಿಬೊಲ್‌ನಲ್ಲಿ ನಿದ್ದೆಗೆಟ್ಟ ಅದೇ ಲ್ಯಾಪ್‌ವರ್ತ್. ಅವರು ಇಲ್ಲಿ ನಿಂತು ನೋಡ್ಬೇಕಿತ್ತು ಅನ್ನಿಸ್ತು.

ದಿನ 9, ಉತ್ತರಕ್ಕೆ, ಆಮೇಲೆ ಫೆರಿ

ಎಡಕ್ಕೆ ಸಮುದ್ರ, ಬಲಕ್ಕೆ ಲಾಂಗ್ ರೇಂಜ್ ಬೆಟ್ಟ, ಮಧ್ಯ ಉದ್ದನೆ ರಸ್ತೆ, ಮೂಸ್ ಅನ್ನೋ ದೊಡ್ಡ ಜಿಂಕೆ ಅಡ್ಡ ಬರುತ್ತೆ ಅಂತ ಬೋರ್ಡ್‌ಗಳು. ತಮ್ಮ ದಾರಿಯುದ್ದಕ್ಕೂ ಪ್ರಶ್ನೆ ಕೇಳ್ತಾ ಇದ್ದ. ಕೆನಡಾದ ಭೂವಿಜ್ಞಾನಿ ಟೂಜೊ ವಿಲ್ಸನ್ ಅವರ ಕಥೆ ಹೇಳಿದೆ. ಇದೇ ದ್ವೀಪದ ಪಶ್ಚಿಮದಲ್ಲಿ ಒಲೆನೆಲಸ್ ಕಡೆಯ ಟ್ರೈಲೋಬೈಟ್, ಪೂರ್ವದಲ್ಲಿ ಸೇಂಟ್ ಜಾನ್ಸ್ ಹತ್ರ ಪ್ಯಾರಾಡಾಕ್ಸೈಡಿಸ್, ಒಂದೇ ದ್ವೀಪದಲ್ಲಿ ಎರಡು ದಡದ ಪ್ರಾಣಿಗಳು. 1966ರಲ್ಲಿ ಅವರು ಕೇಳಿದ್ರು, ಅಟ್ಲಾಂಟಿಕ್ ಒಮ್ಮೆ ಮುಚ್ಚಿ ಮತ್ತೆ ತೆರೆದ್ಕೊಳ್ತಾ ಅಂತ. ತೆರೆದ್ಕೊಂಡಾಗ ಹಳೇ ಹೊಲಿಗೆ ಮೇಲೇ ಬಿಚ್ಚಲಿಲ್ಲ, ಸ್ವಲ್ಪ ಆಚೀಚೆ ಹರೀತು, ಅದಕ್ಕೇ ಸ್ಕಾಟ್ಲೆಂಡ್ ಯುರೋಪಿನ ಕಡೆ ಉಳೀತು.

ಸೇಂಟ್ ಬಾರ್ಬ್‌ನಿಂದ ಬ್ಲಾಂಕ್ ಸಬ್ಲಾನ್‌ಗೆ ಹಡಗು, ಎರಡು ಗಂಟೆ ಹತ್ರ ಹತ್ರ. ಜಲಸಂಧಿ ಮಧ್ಯ ಒಂದು ಹಿಮಗಡ್ಡೆ, ನಮ್ಮೂರ ದೇವಸ್ಥಾನದ ಗೋಪುರದಷ್ಟು ಎತ್ತರ, ಬೆಳಕು ಬಿದ್ದ ಕಡೆ ನೀಲಿ. ಹಡಗಲ್ಲಿ ಎಲ್ಲರೂ ಸುಮ್ಮನಾಗಿ ನೋಡಿದ್ರು.

ದಿನ 10, ಫೋರ್ಟೊ

ಲ್ಯಾಬ್ರಡಾರ್ ದಡ. ಬಲಗಡೆ ಹಾಳೆ ತೆಗೆದೆ.

ಕೆಳಗೆ ನೈಸ್. ಆದ್ರೆ ಇದು ಲೂಯಿಸಿಯನ್ ಅಲ್ಲ, ಗ್ರೆನ್‌ವಿಲ್ ಬೆಟ್ಟಗಳ ಬುಡ, ಸುಮಾರು 100 ಕೋಟಿ ವರ್ಷದ ಹಿಂದೆ ಬೆಂದಿದ್ದು. ಅಂದ್ರೆ ಅಡಿಪಾಯಾನೇ ಬೇರೆ. ಟೊರಿಡೋನಿಯನ್ ಇಲ್ಲವೇ ಇಲ್ಲ. ಇಲ್ಲೊಂದು ವಿಷಯ ಮಾತ್ರ ನನಗೆ ತುಂಬಾ ಇಷ್ಟ, ಸ್ಕಾಟ್ಲೆಂಡ್‌ನ ಆ ಟೊರಿಡಾನ್ ಮರಳಿನ ಜಿರ್ಕಾನ್ ಹರಳುಗಳ ವಯಸ್ಸು ಅಳೆದಾಗ ಗ್ರೆನ್‌ವಿಲ್ ಕಾಲದವೂ ಸಿಗುತ್ವೆ. ಇಂಥ ಬೆಟ್ಟಗಳು ಸವೆದು ನದಿಗಳು ಹೊತ್ಕೊಂಡು ಹೋದ ಮರಳಲ್ಲೇ ಸುಯಿಲ್ವೆನ್ ನಿಂತಿದೆ ಅಂತಾಯ್ತು.

ನೈಸ್ ಮೇಲೆ ನೇರ ಬ್ರಾಡೋರ್ ಮರಳುಗಲ್ಲು. ಕೆಂಪಗಿದೆ, ಅಸಿಂಟ್‌ನದ್ದು ಬೆಳ್ಳಗಿತ್ತು, ತಮ್ಮನ ಮುಖ ಬಾಡ್ತು. "ಮ್ಯಾಚ್ ಆಗ್ಲಿಲ್ವಲ್ಲ ಅಕ್ಕ." ಬಾ ಇನ್ನೂ ಮೇಲಿನ ಪದರ ನೋಡೋಣ ಅಂತ ಕರ್ಕೊಂಡು ಹೋದೆ. ಅಲ್ಲಿದ್ವು ಹುಳದ ಬಿಲಗಳು, ನೆಟ್ಟನೆ ಕೊಳವೆ ಸಾಲು, ಅದೇ ಪೆನ್ಸಿಲ್ ಸಾಲು. ಅವನೇ ಮೊದಲು ನೋಡಿದ್ದು, ಕೂಗಿದ.

ಅದರ ಮೇಲೆ ಫೋರ್ಟೊ ಫಾರ್ಮೇಶನ್ ಅನ್ನೋ ಪದರ, ಕೆಸರು ಗಟ್ಟಿಯಾದ ಶೇಲ್ ಮತ್ತೆ ಸುಣ್ಣದ ಕಲ್ಲು. ಪಾಯಿಂಟ್ ಅಮೂರ್‌ನಲ್ಲಿ 1850ರ ದಶಕದ ದೀಪಸ್ತಂಭ ಇದೆ, 33 ಮೀಟರ್ ಎತ್ತರ, ಅದರ ಕೆಳಗಿನ ದಡದಲ್ಲಿ ಈ ಪದರ ತೆರೆದ್ಕೊಂಡಿದೆ. ಆರ್ಕಿಯೊಸಯಾತ್ ಅನ್ನೋ ಸ್ಪಂಜಿನಂಥ ಪ್ರಾಣಿಗಳು ಕಟ್ಟಿದ ಪುಟ್ಟ ದಿಬ್ಬಗಳು, ಅಡ್ಡ ಸೀಳಿದ ಕಡೆ ಬಳೆ ಒಳಗೆ ಬಳೆ ಇಟ್ಟ ಹಾಗೆ. ಅಸಿಂಟ್‌ನಲ್ಲಿ ನಾವು ನೋಡಿದ ಕಡೆ ಇಂಥವು ಒಂದೂ ಕಾಣ್ಲಿಲ್ಲ, ಇಲ್ಲಿನ ನೀರು ಸುಣ್ಣಕ್ಕೆ ಇನ್ನೂ ಅನುಕೂಲ ಇದ್ದಿರ್ಬೇಕು. ಒಲೆನೆಲಸ್ ಜಾತಿಯ ಟ್ರೈಲೋಬೈಟ್‌ಗಳು ಈ ಫಾರ್ಮೇಶನ್‌ನಲ್ಲೂ ಇವೆ. ನಾನು ಹುಡುಕ್ತಾ ಇದ್ದಿದ್ದು ಇನ್ನೊಂದನ್ನ. ಗಾಳಿ ಎಷ್ಟಿತ್ತು ಅಂದ್ರೆ ಟೋಪಿ ಹಾರಿ ಹೋಯ್ತು, ತಮ್ಮ ಅದರ ಹಿಂದೆ ಓಡಿದ, ನಾನು ಒಂದು ಸವೆದ ಹಾಸುಗಲ್ಲಿನ ಮೇಲೆ ಲೆನ್ಸ್ ಇಟ್ಟು ಕೂತೆ, ಒಂದು ಗಂಟೆ, ಒಂದೂವರೆ ಗಂಟೆ.

ಇತ್ತು. ಅದೇ ಕೋನ್. ಅಕ್ಕಿಕಾಳಿಗಿಂತ ಚಿಕ್ಕದು. ಫೋನಲ್ಲಿ ಸ್ಕಿಯಾಗ್ ಬ್ರಿಜ್‌ನ ಫೋಟೋ ತೆಗೆದು ಪಕ್ಕದಲ್ಲಿಟ್ಟು ನೋಡಿದೆ, ಅಲ್ಲಿಗೂ ಇಲ್ಲಿಗೂ 3,300 ಕಿ.ಮೀ. ಸಮುದ್ರ ಇದೆ. ಅಡಿಪಾಯ ಬೇರೆ, ಮರಳಿನ ಬಣ್ಣ ಬೇರೆ, ದಪ್ಪ ಬೇರೆ, ಆದ್ರೆ ಕೊಳವೆ ಬಿಲ, ಅದರ ಮೇಲೆ ಒಲೆನೆಲಸ್, ಸಾಲ್ಟೆರೆಲ್ಲ, ಅಂಚಿನ ಗೆರೆಗಳು ಅದೇ ಕ್ರಮದಲ್ಲಿ ಬಂದ್ವು. ತಮ್ಮ ಟೋಪಿ ಹಿಡ್ಕೊಂಡು ಬಂದು ಲೆನ್ಸ್ ಕೇಳಿದ.

ದಿನ 11, ಪೋರ್ಟ್ ಓ ಷ್ವಾ

ಫೋರ್ಟೊ ಮೇಲಿನ ಪದರಗಳಿಗೆ ಮತ್ತೆ ದ್ವೀಪಕ್ಕೇ ಬರ್ಬೇಕು. ಮಧ್ಯ ಹಾಕ್ ಬೇ ಅನ್ನೋ ದಪ್ಪ ಮರಳುಗಲ್ಲಿನ ಪದರ, ಸಮುದ್ರ ಸ್ವಲ್ಪ ಹಿಂದೆ ಸರಿದಾಗ ಕೂತಿದ್ದು, ಅಸಿಂಟ್‌ನ ಸಾಲ್ಟೆರೆಲ್ಲ ಗ್ರಿಟ್‌ನ ಮರಳನ್ನೂ ಅದೇ ಕಾಲಕ್ಕೆ ಹೊಂದಿಸ್ತಾರೆ. ಅದಾದ್ಮೇಲೆ ಎರಡೂ ಕಡೆ ಸುಣ್ಣದ ಕಲ್ಲು. ಪೋರ್ಟ್ ಓ ಷ್ವಾದಲ್ಲಿರೋದು ಸೇಂಟ್ ಜಾರ್ಜ್ ಗ್ರೂಪ್, ಡರ್ನೆಸ್ ಸುಣ್ಣದ ಕಲ್ಲಿನ ಮೇಲಿನ ಭಾಗದ ಜೊತೆಗಾರ. ಸೆರಟೋಪಿಯ ಅನ್ನೋ ಒಂದು ಬಸವನಹುಳು ಇತ್ತು, ಅದರ ಚಿಪ್ಪಿನ ಬಾಯಿ ಮುಚ್ಚೋ ಕೊಂಬಿನಂಥ ಮುಚ್ಚಳ ಎರಡೂ ಕಲ್ಲಲ್ಲಿ ಸಿಕ್ಕಿದೆ. ನನಗೆ ಇವತ್ತು ಸಿಗ್ಲಿಲ್ಲ, ಮಂಜು ಕವಿದು ಹತ್ತು ಹೆಜ್ಜೆ ಮುಂದೆ ಕಾಣ್ತಿರ್ಲಿಲ್ಲ.

ಸಿಕ್ಕಿದ್ದು ಹೂವು. ಬೋಳು ಸುಣ್ಣದ ಬಂಡೆಯ ಸಂದಿಯಲ್ಲಿ ಬಿಳಿ ಡ್ರಯಾಸ್, ಎಲೆ ಮಾತ್ರ ಸ್ವಲ್ಪ ಬೇರೆ, ಡರ್ನೆಸ್‌ನದರ ದಾಯಾದಿ. ತಮ್ಮ, "ಇದೂ ಮ್ಯಾಚ್, ಬರ್ಕೋ ಅಕ್ಕ" ಅಂದ. ಇದನ್ನ ಲೆಕ್ಕಕ್ಕೆ ತಗೊಳ್ಳಂಗಿಲ್ಲ ಕಣೋ ಅಂದೆ, ಹೂವಿಗೆ ಸುಣ್ಣ ಬೇಕು, ಚಳಿ ಬೇಕು ಅಷ್ಟೇ, ಹಿಮ ಕರಗಿದ್ಮೇಲೆ ಮೊನ್ನೆ ಮೊನ್ನೆ ಬಂದಿದ್ದು, ಅದಕ್ಕೆ ಐಯಾಪೆಟಸ್ ಗೊತ್ತಿಲ್ಲ. ಅವನು ಹಂಗಾದ್ರೆ ಫೋಟೋ ಆದ್ರೂ ತೆಗಿ ಅಂದ. ಬಲಗಡೆ ಹಾಳೆಯಲ್ಲಿ ಸುಣ್ಣದ ಕಲ್ಲು ಅಂತ ಬರೆದು, ಸೆರಟೋಪಿಯ ಎದುರಿಗೆ ಖಾಲಿ ಬಿಟ್ಟು, ಫೋಟೋ ತೆಗೆದೆ.